ಹಿರಿಯರ ಮೂಲ ಹುಡುಕುವ ಡಿಎನ್‌ಎ ಕಿಟ್‌ಗಳು: ಯಾವ ಪ್ರಶ್ನೆಗೆ ಯಾವುದು?

ಐದಾರು ತಲೆಮಾರಿನ ಹಿಂದಿನ ಅಜ್ಜಿಯೊಬ್ಬಳು ಬೇರೆ ಜನಾಂಗದವಳಂತೆ, ಎಲ್ಲಿಂದ ಬಂದಳೋ ಗೊತ್ತಿಲ್ಲ, ಹೆಸರೂ ಅರ್ಧಂಬರ್ಧ. ಇಂಥ ಮಾತು ಲೋಕದ ಎಷ್ಟೋ ಮನೆತನಗಳಲ್ಲಿ ಉಳಿದು ಬಂದಿದೆ. ಅದನ್ನು ಬಿಡಿಸಿಕೊಳ್ಳಲು ಈಗ ಜನ ಮೊದಲು ತರಿಸುವುದು ಡಿಎನ್‌ಎ ಕಿಟ್. ಆನ್ಸೆಸ್ಟ್ರಿ, 23ಆಂಡ್‌ಮಿ, ಮೈಹೆರಿಟೇಜ್, ಫ್ಯಾಮಿಲಿಟ್ರೀ ಡಿಎನ್‌ಎ ಎಂಬ ನಾಲ್ಕು ಸೇವೆಗಳನ್ನೂ, ಬೇರೆಡೆ ಮಾಡಿಸಿದ ಪರೀಕ್ಷೆಯ ಕಡತ ಏರಿಸಿ ಹೋಲಿಸಿ ನೋಡುವ ಜೆಡ್‌ಮ್ಯಾಚ್ ತಾಣವನ್ನೂ ಈ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇವೆ. ಆರೋಗ್ಯದ ವರದಿಗಳ ಗೋಜಿಗೆ ಹೋಗಿಲ್ಲ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನಿಮ್ಮ ಮೂಲ ಯಾವ ಪ್ರದೇಶದ್ದು ಎಷ್ಟು ಎಂದು ತೋರಿಸುವ, ಜಾಹೀರಾತಿನಲ್ಲಿ ಮಿಂಚುವ ಬಣ್ಣಬಣ್ಣದ ಶೇಕಡಾವಾರು ನಕ್ಷೆ ದೂರದ ಒಬ್ಬ ಪೂರ್ವಜರ ವಿಷಯದಲ್ಲಿ ಬಹಳ ದುರ್ಬಲ ಸಾಕ್ಷಿ. ಅದೇ ಹಣಕ್ಕೆ ಜೊತೆಯಲ್ಲಿ ಬರುವ ಮ್ಯಾಚ್ ಪಟ್ಟಿ, ಅಂದರೆ ನಿಮ್ಮೊಂದಿಗೆ ಡಿಎನ್‌ಎ ತುಣುಕು ಹಂಚಿಕೊಂಡಿರುವ ಅಪರಿಚಿತರ ಹೆಸರುಗಳ ಪಟ್ಟಿ, ನಿಜವಾಗಿ ಕೆಲಸಕ್ಕೆ ಬರುವ ಸಾಮಾನು. ಕಿಟ್ ಆರಿಸುವಾಗ ನೋಡಬೇಕಾದದ್ದು ಆ ಪಟ್ಟಿ ಎಷ್ಟು ದೊಡ್ಡದು, ಅದರೊಂದಿಗೆ ಕೊಡುವ ಉಪಕರಣ ಎಷ್ಟು ಚೆನ್ನಾಗಿದೆ ಎಂಬುದನ್ನು. ಎಷ್ಟು ಪ್ರದೇಶಗಳ ಹೆಸರು ತೋರಿಸುತ್ತಾರೆ ಎಂಬುದು ಆಮೇಲಿನ ಮಾತು.

ಕೊಳ್ಳುವ ಮೊದಲು ಒಂದು ಕಾಗದದ ಮೇಲೆ ಆ ಪೂರ್ವಜರಿಂದ ನಿಮ್ಮವರೆಗಿನ ದಾರಿಯನ್ನು ಬರೆದುಕೊಳ್ಳಿ. ಪ್ರತಿ ಹೆಜ್ಜೆಯಲ್ಲೂ ಗಂಡೋ ಹೆಣ್ಣೋ ಗುರುತು ಹಾಕಿ. ಅಪ್ಪ-ಅಮ್ಮನನ್ನು ಒಂದನೇ ತಲೆಮಾರೆಂದು ಎಣಿಸಿದರೆ ಎರಡನೆಯವರಿಂದ ಸರಾಸರಿ ಶೇ 25, ಮೂರನೆಯವರಿಂದ 12.5, ನಾಲ್ಕನೆಯವರಿಂದ 6.25, ಐದನೆಯವರಿಂದ 3.1, ಆರನೆಯವರಿಂದ 1.6, ಏಳನೆಯವರಿಂದ 0.8ರಷ್ಟು ಡಿಎನ್‌ಎ ಬಂದಿರುತ್ತದೆ. ಇದು ಸರಾಸರಿಯ ಲೆಕ್ಕ. ಅಪ್ಪ-ಅಮ್ಮನಿಂದ ಬರುವ ಅರ್ಧ ಮಾತ್ರ ಖಚಿತ. ಅಲ್ಲಿಂದ ಮೇಲೆ ಪ್ರತಿ ತಲೆಮಾರಿನಲ್ಲೂ ಕ್ರೋಮೋಸೋಮ್‌ಗಳು (ಡಿಎನ್‌ಎಯನ್ನು ಹೊತ್ತ ವರ್ಣತಂತುಗಳು) ಕಲಸಿ ಹಂಚಿಕೆಯಾಗುವುದರಿಂದ ಒಬ್ಬರ ಪಾಲು ಹಿಗ್ಗಬಹುದು, ಕುಗ್ಗಬಹುದು, ಪೂರ್ತಿ ಅಳಿಸಿಯೂ ಹೋಗಬಹುದು. ಹತ್ತನೇ ತಲೆಮಾರಿನ 1,024 ಪೂರ್ವಜರಲ್ಲಿ ಸುಮಾರು ಅರ್ಧದಷ್ಟು ಜನರ ಒಂದು ತುಣುಕೂ ನಿಮ್ಮಲ್ಲಿ ಉಳಿದಿರುವುದಿಲ್ಲ. ಹಾಗಾಗಿ ವರದಿಯಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಮನೆಯ ಮಾತು ಸುಳ್ಳಾಗುವುದಿಲ್ಲ. ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ: ಆ ಅಜ್ಜಿಯೇ ಮಿಶ್ರ ಮೂಲದವಳಾಗಿದ್ದರೆ ಈ ಅಂಕಿಗಳನ್ನೆಲ್ಲ ಮತ್ತೆ ಅರ್ಧ ಮಾಡಬೇಕು.

ಈ ಲೆಕ್ಕದಿಂದ ಹೊರಡುವ ಮೊದಲ ಸಲಹೆ ಕಿಟ್ ಯಾರಿಗೆ ಎಂಬುದರ ಬಗ್ಗೆ. ಮನೆಯಲ್ಲಿ ಅತಿ ಹಿರಿಯರು ಯಾರಿದ್ದಾರೋ ಅವರಿಗೆ ಕೊಡಿಸಿ. ಒಂದು ತಲೆಮಾರು ಹಿಂದಕ್ಕೆ ಹೋದರೆ ಹುಡುಕುತ್ತಿರುವ ಪಾಲು ಸರಾಸರಿ ಎರಡು ಪಟ್ಟಾಗುತ್ತದೆ, ಎರಡು ತಲೆಮಾರು ಹೋದರೆ ನಾಲ್ಕು ಪಟ್ಟು. ಅಪ್ಪ ಅಥವಾ ಅಮ್ಮ ತೀರಿಕೊಂಡಿದ್ದರೆ ಅವರ ಒಡಹುಟ್ಟಿದವರು ಇದ್ದಾರೆಯೇ ನೋಡಿ. ಯಾರೂ ಇಲ್ಲವೆಂದಾದರೆ ಮಕ್ಕಳಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಾಡಿಸುವುದು ಒಳ್ಳೆಯದು: ಒಬ್ಬ ಮಗನಲ್ಲಿ ತಂದೆಯ ಡಿಎನ್‌ಎಯ ಅರ್ಧ ಇದ್ದರೆ, ಇಬ್ಬರು ಮಕ್ಕಳು ಸೇರಿದರೆ ಸರಾಸರಿ ಮುಕ್ಕಾಲು ಭಾಗ, ಮೂವರು ಸೇರಿದರೆ ಶೇ 87.5 ಸಿಗುತ್ತದೆ. ಅಣ್ಣನ ವರದಿಯಲ್ಲಿ ಕಾಣದ ತುಣುಕು ತಂಗಿಯ ವರದಿಯಲ್ಲಿ ಕಾಣುವುದು ಸಾಮಾನ್ಯ ಸಂಗತಿ, ಅದರಲ್ಲಿ ಅನುಮಾನ ಪಡುವಂಥದ್ದೇನಿಲ್ಲ.

ಇನ್ನು ಶೇಕಡಾವಾರು ನಕ್ಷೆಯ ವಿಷಯ. ಅದು ಹುಟ್ಟುವ ಬಗೆ ತಿಳಿದರೆ ಅದನ್ನು ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ. ಕಂಪನಿಯ ಬಳಿ ಒಂದು ಮಾದರಿ ಸಮೂಹ ಇರುತ್ತದೆ. ನಾಲ್ಕೂ ಅಜ್ಜ-ಅಜ್ಜಿಯರು ಒಂದೇ ಪ್ರದೇಶದಲ್ಲಿ ಹುಟ್ಟಿದವರು ಎಂದು ಹೇಳಬಲ್ಲ, ಇಂದು ಬದುಕಿರುವ ಜನರ ಡಿಎನ್‌ಎ ಅದು. ನಿಮ್ಮ ಡಿಎನ್‌ಎಯನ್ನು ಸಣ್ಣ ಸಣ್ಣ ಕಿಟಕಿಗಳಾಗಿ ಕತ್ತರಿಸಿ, ಪ್ರತಿ ಕಿಟಕಿಯೂ ಆ ಸಮೂಹದ ಯಾರನ್ನು ಹೆಚ್ಚು ಹೋಲುತ್ತದೆ ಎಂದು ಗಣಕ ಅಂದಾಜು ಮಾಡುತ್ತದೆ. ಸಮೂಹದಲ್ಲಿ ಇಲ್ಲದ ಜನ ಉತ್ತರದಲ್ಲೂ ಬರಲಾರರು. ಅವರ ಪಾಲು ಹತ್ತಿರದ ಇನ್ಯಾವುದೋ ಗುಂಪಿನ ಹೆಸರಿಗೆ ಹೋಗುತ್ತದೆ. ಈ ಸಮೂಹಗಳು ಯುರೋಪಿನ ಮಟ್ಟಿಗೆ ದಟ್ಟವಾಗಿವೆ, ಏಷ್ಯಾ-ಆಫ್ರಿಕಾಗಳ ಬಹುಭಾಗಕ್ಕೆ ತೆಳುವಾಗಿವೆ. ಕಂಪನಿ ಸಮೂಹವನ್ನು ಬದಲಿಸಿದಾಗಲೆಲ್ಲ ನಿಮ್ಮ ಶೇಕಡಾವಾರೂ ಬದಲಾಗುತ್ತದೆ. ನಿಮ್ಮ ಡಿಎನ್‌ಎ ಮಾತ್ರ ಇದ್ದಂತೆಯೇ ಇದೆ.

2019ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಒಂದೇ ಡಿಎನ್‌ಎ ಇರುವ ಅವಳಿ ಸಹೋದರಿಯರ ಮಾದರಿಯನ್ನು ಐದು ಕಂಪನಿಗಳಿಗೆ ಕಳಿಸಿ ನೋಡಿತು. ಕಂಪನಿಯಿಂದ ಕಂಪನಿಗೆ ಉತ್ತರ ಬೇರೆಯಾಗಿತ್ತು. ಒಂದೇ ಕಂಪನಿಯೊಳಗೂ ಇಬ್ಬರ ಉತ್ತರ ಪೂರ್ತಿ ಹೊಂದಲಿಲ್ಲ. ಖಂಡದ ಮಟ್ಟದಲ್ಲಿ, ಅಂದರೆ ಯುರೋಪು, ಪೂರ್ವ ಏಷ್ಯಾ, ದಕ್ಷಿಣ ಏಷ್ಯಾ, ಸಹಾರಾದ ದಕ್ಷಿಣದ ಆಫ್ರಿಕಾ ಎಂಬ ಮಟ್ಟದಲ್ಲಿ ಈ ಸೇವೆಗಳನ್ನು ಧೈರ್ಯವಾಗಿ ನಂಬಬಹುದು. ಅಕ್ಕಪಕ್ಕದ ದೇಶಗಳ ನಡುವೆ ಅವು ಎಳೆಯುವ ಗೆರೆಯನ್ನು ಸುಳಿವು ಎಂದಷ್ಟೇ ಇಟ್ಟುಕೊಳ್ಳಿ. ಗಡಿಗಳು ಇತ್ತೀಚಿನವು, ಜನರ ಓಡಾಟ ಹಳೆಯದು.

ದೂರದ ಪೂರ್ವಜರನ್ನು ಹುಡುಕುವವರಿಗೆ ತಲೆನೋವು ಕೊಡುವುದು ಶೇ 2ಕ್ಕಿಂತ ಕಡಿಮೆಯ ಅಂಕಿಗಳು. ನಕ್ಷೆಯ ಮೂಲೆಯಲ್ಲಿ ಶೇ 0.9 ಎಂದು ಒಂದು ಅನಿರೀಕ್ಷಿತ ಹೆಸರು ಕಂಡರೆ ಅದು ಆ ಅಜ್ಜಿಯದಿರಬಹುದು, ಬರೀ ಗದ್ದಲವೂ ಇರಬಹುದು. ಬೇರ್ಪಡಿಸುವ ದಾರಿ ಇದೆ. 23ಆಂಡ್‌ಮಿಯಲ್ಲಿ ವಿಶ್ವಾಸದ ಮಟ್ಟವನ್ನು ಶೇ 50ರಿಂದ 90ರವರೆಗೆ ಏರಿಸುವ ಆಯ್ಕೆ ಇದೆ. ಮೊದಲು ತೋರುವುದು 50ರ ಮಟ್ಟದ ಚಿತ್ರ, ಅಂದರೆ ಊಹೆಗೆ ತೀರಾ ಸಲಿಗೆ ಕೊಟ್ಟಿರುವಂಥದ್ದು. ಅದನ್ನು 90ಕ್ಕೆ ಏರಿಸಿದಾಗಲೂ ಆ ಹೆಸರು ಉಳಿದರೆ ಮುಂದಿನ ಹಂತಕ್ಕೆ ಹೋಗಿ: ಕ್ರೋಮೋಸೋಮ್ ಚಿತ್ರ ತೆರೆದು ಆ ಪಾಲು ಎಲ್ಲಿ ಕೂತಿದೆ ನೋಡಿ. ಪರೀಕ್ಷೆ ಅಳೆಯುವ ಡಿಎನ್‌ಎಯ ಒಟ್ಟು ಉದ್ದ ಸುಮಾರು 7,000 ಸೆಂಟಿಮಾರ್ಗನ್ (ಡಿಎನ್‌ಎ ತುಣುಕಿನ ಉದ್ದ ಹೇಳುವ ಮಾನ) ಎಂದಿಟ್ಟುಕೊಂಡರೆ ಶೇ 1 ಅಂದರೆ 70ರ ಆಸುಪಾಸು. ನಿಜವಾದ ಪೂರ್ವಜರಿಂದ ಬಂದದ್ದು ಒಂದೆರಡು ಅಥವಾ ಮೂರ್ನಾಲ್ಕು ಉದ್ದನೆಯ ತುಣುಕುಗಳಾಗಿ ಕೂತಿರುತ್ತದೆ. ಹತ್ತಾರು ಕ್ರೋಮೋಸೋಮ್‌ಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಚದುರಿದ್ದರೆ ಅದು ಹೆಚ್ಚಾಗಿ ಗಣಕದ ತಡಕಾಟ. ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಗಟ್ಟಿಯಾದದ್ದು: ಅಪ್ಪ-ಅಮ್ಮ ಇಬ್ಬರದೂ ಪರೀಕ್ಷೆ ಆಗಿದ್ದು, ಅವರಿಬ್ಬರಲ್ಲೂ ಇಲ್ಲದ್ದು ಮಗುವಿನಲ್ಲಿ ಕಂಡರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಸಿಗುವ ಉತ್ತರಕ್ಕೆ ಮಿತಿ ಇದೆ. ಅಮೆರಿಕದ ಸೆನೆಟರ್ ಎಲಿಜಬೆತ್ ವಾರೆನ್ ತಮ್ಮ ಮನೆತನದಲ್ಲಿ ಚೆರೋಕೀ ಎಂಬ ಮೂಲನಿವಾಸಿ ಬುಡಕಟ್ಟಿನ ಮೂಲವಿದೆ ಎಂಬ ಮಾತನ್ನು ಪರಿಶೀಲಿಸಲು 2018ರಲ್ಲಿ ತಜ್ಞರಿಂದಲೇ ವಿಶ್ಲೇಷಣೆ ಮಾಡಿಸಿದರು. ಡಿಎನ್‌ಎಯ ಬಹುಪಾಲು ಯುರೋಪಿನದೇ, ಆರರಿಂದ ಹತ್ತು ತಲೆಮಾರಿನ ಹಿಂದೆ ಅಮೆರಿಕದ ಮೂಲನಿವಾಸಿ ಪೂರ್ವಜರೊಬ್ಬರು ಇದ್ದಿರಬೇಕು ಎಂದು ವರದಿ ಬಂತು. ಹೋಲಿಕೆಗೆ ಬಳಸಿದ ಮೂಲನಿವಾಸಿ ಮಾದರಿಗಳು ಮೆಕ್ಸಿಕೊ, ಪೆರು, ಕೊಲಂಬಿಯಾದವು. ಆದ್ದರಿಂದ ಆ ಪೂರ್ವಜರು ಯಾವ ಬುಡಕಟ್ಟಿನವರು ಎಂದು ಅದು ಹೇಳಲಾರದು. ಬುಡಕಟ್ಟಿನ ಸದಸ್ಯತ್ವವನ್ನು ಡಿಎನ್‌ಎಯಿಂದ ನಿರ್ಧರಿಸಲಾಗದು ಎಂದು ಚೆರೋಕೀ ನೇಷನ್ ಸ್ಪಷ್ಟವಾಗಿಯೇ ಹೇಳಿತು. ಸಮುದಾಯವೆಂಬುದು ನಂಟು, ದಾಖಲೆ, ಒಪ್ಪಿಗೆಗಳಿಂದ ಆಗುವಂಥದ್ದು. ಯಾವ ಕಿಟ್‌ನ ಪೆಟ್ಟಿಗೆಯ ಮೇಲೂ ಇದನ್ನು ಬರೆದಿರುವುದಿಲ್ಲ, ಬರೆಯಬೇಕಿತ್ತು.

ಸೇವೆಗಳ ಗುಣದೋಷಕ್ಕೆ ಬರೋಣ. ಆನ್ಸೆಸ್ಟ್ರಿಯ ಭಂಡಾರ ಎಲ್ಲಕ್ಕಿಂತ ದೊಡ್ಡದು, ಎರಡೂವರೆ ಕೋಟಿಗೂ ಹೆಚ್ಚು ಜನರದ್ದು. ಮ್ಯಾಚ್‌ಗಳೊಂದಿಗೆ ವಂಶವೃಕ್ಷಗಳೂ ಹೆಚ್ಚು ಸಿಗುವುದು ಇಲ್ಲಿಯೇ. ಮ್ಯಾಚ್ ನಿಮ್ಮ ತಂದೆಯ ಕಡೆಯದೋ ತಾಯಿಯ ಕಡೆಯದೋ ಎಂದು ಅಪ್ಪ-ಅಮ್ಮನ ಪರೀಕ್ಷೆ ಇಲ್ಲದೆಯೇ ಬೇರ್ಪಡಿಸುವ ಸೈಡ್‌ವ್ಯೂ 2022ರಿಂದ ಇದೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಶೇಕಡಾವಾರು ನಕ್ಷೆಗಿಂತ ಇದರ ಸಮುದಾಯ ಗುಂಪುಗಳನ್ನು ಹೆಚ್ಚು ನಂಬಬಹುದು, ಏಕೆಂದರೆ ಅವು ಮ್ಯಾಚ್ ಜಾಲ ಮತ್ತು ವಂಶವೃಕ್ಷಗಳಿಂದ ಹುಟ್ಟಿದವು. ಆದರೆ ಕೊರತೆಯೂ ದೊಡ್ಡದೇ: ನಿಮಗೂ ಮ್ಯಾಚ್‌ಗೂ ಹಂಚಿಕೆಯಾದ ತುಣುಕು ಯಾವ ಕ್ರೋಮೋಸೋಮ್‌ನ ಯಾವ ಜಾಗದಲ್ಲಿದೆ ಎಂದು ಆನ್ಸೆಸ್ಟ್ರಿ ತೋರಿಸುವುದೇ ಇಲ್ಲ. ಆ ಶೇ 0.9ರ ತುಣುಕನ್ನು ಬೆನ್ನಟ್ಟುವವರಿಗೆ ಬೇಕಾದದ್ದು ಅದೇ ಜಾಗದ ವಿವರ.

ಆ ವಿವರ ಮೈಹೆರಿಟೇಜ್, ಫ್ಯಾಮಿಲಿಟ್ರೀ ಡಿಎನ್‌ಎ ಮತ್ತು ಜೆಡ್‌ಮ್ಯಾಚ್‌ಗಳಲ್ಲಿ ಸಿಗುತ್ತದೆ. ಮೈಹೆರಿಟೇಜ್‌ನ ಕ್ರೋಮೋಸೋಮ್ ಬ್ರೌಸರ್ ಬಳಸಲು ಸುಲಭ. ಹಲವು ಮ್ಯಾಚ್‌ಗಳನ್ನು ಒಟ್ಟಿಗೆ ಇಟ್ಟು, ಎಲ್ಲರೂ ಪರಸ್ಪರ ಹಂಚಿಕೊಂಡ ಜಾಗವನ್ನು ಅದು ಚೌಕಟ್ಟು ಹಾಕಿ ತೋರಿಸುತ್ತದೆ; ಮ್ಯಾಚ್‌ಗಳನ್ನು ಕುಟುಂಬವಾರು ಗುಂಪು ಮಾಡುವ ಆಟೋಕ್ಲಸ್ಟರ್ ಕೂಡ ಇದೆ. ಯುರೋಪಿನ ನಾನಾ ದೇಶಗಳ ಬಳಕೆದಾರರು ಇಲ್ಲಿ ಚೆನ್ನಾಗಿ ಸಿಗುತ್ತಾರೆ. ಇದರ ಜನಾಂಗೀಯ ಅಂದಾಜನ್ನು ಮಾತ್ರ ಖಂಡದ ಮಟ್ಟದಾಚೆ ಒಯ್ಯಬೇಡಿ. 23ಆಂಡ್‌ಮಿಯ ಅಂದಾಜು ಇವುಗಳ ಪೈಕಿ ಅಚ್ಚುಕಟ್ಟಾದದ್ದು ಎಂಬುದು ನಮ್ಮ ಅಭಿಪ್ರಾಯ, ವಿಶ್ವಾಸದ ಮಟ್ಟವನ್ನು ಬಳಕೆದಾರರ ಕೈಗೇ ಕೊಟ್ಟಿರುವುದು ಅದಕ್ಕೆ ಮುಖ್ಯ ಕಾರಣ. ಆದರೆ ಇಲ್ಲಿ ಮ್ಯಾಚ್ ಪಟ್ಟಿಗೆ ಕತ್ತರಿ ಬಿದ್ದಿದೆ. ಚಂದಾ ಇಲ್ಲದವರಿಗೆ ಸುಮಾರು 1,500 ಹೆಸರುಗಳಷ್ಟೇ. 2023ರ ಮಾಹಿತಿ ಸೋರಿಕೆಯ ನಂತರ ಮ್ಯಾಚ್‌ಗಳ ತುಣುಕಿನ ವಿವರವನ್ನೂ ಕಂಪನಿ ತೆಗೆದುಹಾಕಿತು, ಕೊಳ್ಳುವ ದಿನ ಅದರ ಸ್ಥಿತಿ ಏನಿದೆ ನೋಡಿಕೊಳ್ಳಿ.

ಫ್ಯಾಮಿಲಿಟ್ರೀ ಡಿಎನ್‌ಎಯ ಭಂಡಾರ ಚಿಕ್ಕದು, ಆದರೆ ವೈ ಮತ್ತು ಮೈಟೋಕಾಂಡ್ರಿಯಾ ಪರೀಕ್ಷೆಗಳ ಮಟ್ಟಿಗೆ ಅದಕ್ಕೆ ಸರಿಸಾಟಿ ಇಲ್ಲ. ದೂರದ ಪೂರ್ವಜರ ವಿಷಯದಲ್ಲಿ ಈ ಎರಡು ಪರೀಕ್ಷೆಗಳ ಬಲವೇ ಬೇರೆ: ಇವು ತಲೆಮಾರಿಗೆ ಅರ್ಧವಾಗುವುದಿಲ್ಲ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಬಹುಪಾಲು ಹಾಗೆಯೇ ಇಳಿಯುತ್ತದೆ. 16,569 ಅಕ್ಷರಗಳ ಮೈಟೋಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದಕ್ಕೆ ಹೋಗುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ನೀವು ಕಾಗದದಲ್ಲಿ ಬರೆದ ದಾರಿ ಪೂರ್ತಿ ಗಂಡಿನದೋ ಪೂರ್ತಿ ಹೆಣ್ಣಿನದೋ ಆಗಿದ್ದರೆ ಹತ್ತನೇ ತಲೆಮಾರೂ ಒಂದೇ, ಎರಡನೇ ತಲೆಮಾರೂ ಒಂದೇ. ದಾರಿಯ ನಡುವೆ ಒಂದು ಕಡೆ ಲಿಂಗ ಬದಲಾದರೂ ಈ ಪರೀಕ್ಷೆ ನಿಮ್ಮಿಂದ ಆಗದು. ಆಗ ಆ ಪೂರ್ವಜರಿಂದ ಮುರಿಯದ ದಾರಿಯಲ್ಲಿ ಇಳಿದು ಬಂದ ಇನ್ನೊಬ್ಬ ಸಂಬಂಧಿಯನ್ನು ಹುಡುಕಿ, ಒಪ್ಪಿಸಿ, ಅವರದನ್ನು ಮಾಡಿಸಬೇಕು.

ಇದಕ್ಕೆ ಲೋಕಕ್ಕೆಲ್ಲ ಗೊತ್ತಿರುವ ಉದಾಹರಣೆ ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರ ಪೂರ್ವಜೆ ಎಲೈಜಾ ಕೆವಾರ್ಕ್. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸೂರತ್ತಿನಲ್ಲಿ ಥಿಯೋಡೋರ್ ಫೋರ್ಬ್ಸ್ ಎಂಬ ಸ್ಕಾಟಿಷ್ ವರ್ತಕನೊಂದಿಗೆ ಬಾಳಿದಾಕೆ. ಆಕೆ ಆರ್ಮೇನಿಯದವಳು ಎಂದು ಮನೆತನದ ಮಾತಿತ್ತು. ಡಯಾನಾಗೆ ಆಕೆ ಆರನೇ ತಲೆಮಾರು, ಮಗ ವಿಲಿಯಂಗೆ ಏಳನೆಯದು. ಮೇಲಿನ ಲೆಕ್ಕದಂತೆ ವಿಲಿಯಂನಲ್ಲಿ ಆಕೆಯ ಪಾಲು ಸರಾಸರಿ ಶೇ 0.8, ಶೇಕಡಾವಾರು ನಕ್ಷೆಯಲ್ಲಿ ಕಂಡರೂ ಗದ್ದಲವೆಂದು ತಳ್ಳಿಹಾಕಬಹುದಾದಷ್ಟು. ಆದರೆ ಎಲೈಜಾಳಿಂದ ಡಯಾನಾವರೆಗಿನ ದಾರಿಯಲ್ಲಿ ಇರುವವರೆಲ್ಲ ತಾಯಂದಿರೇ. 2013ರಲ್ಲಿ ಆ ಹೆಣ್ಣು ದಾರಿಯ ಬೇರೆ ವಂಶಸ್ಥರ ಮೈಟೋಕಾಂಡ್ರಿಯಾ ಪರೀಕ್ಷಿಸಿದಾಗ ಆರ್30ಬಿ ಎಂಬ ಅಪರೂಪದ ಗುಂಪು (ಹ್ಯಾಪ್ಲೋಗ್ರೂಪ್, ಅಂದರೆ ಬಹಳ ಹಿಂದಿನ ಒಂದೇ ಮೂಲದಿಂದ ಕವಲೊಡೆದವರ ಗುಂಪು) ಸಿಕ್ಕಿತು, ಅದು ಆವರೆಗೆ ಕಂಡಿದ್ದು ದಕ್ಷಿಣ ಏಷ್ಯಾದಲ್ಲಿ. ಇದರಿಂದ ಎಷ್ಟು ಹೇಳಬಹುದು? ಎಲೈಜಾಳ ತಾಯಿ, ಅವಳ ತಾಯಿ, ಅವಳ ತಾಯಿ ಎಂಬ ಒಂದೇ ಎಳೆ ದಕ್ಷಿಣ ಏಷ್ಯಾದ್ದು ಎನ್ನಬಹುದು. ಎಲೈಜಾಳ ತಂದೆ ಆರ್ಮೇನಿಯದವನಾಗಿರಲು ಇದು ಅಡ್ಡಿಯಲ್ಲ. ಆಕೆಯ ಕುಲನಾಮವೇ ಆರ್ಮೇನಿಯನ್ನರಲ್ಲಿ ರೂಢಿಯಲ್ಲಿರುವ ಹೆಸರಿಗೆ ಹತ್ತಿರವಿದೆ. ಪತ್ರಿಕೆಗಳು ಆಕೆ ಭಾರತೀಯಳು ಎಂದು ಷರಾ ಬರೆದವು. ಪರೀಕ್ಷೆ ತೀರ್ಮಾನಿಸಿದ್ದು ಒಂದು ಎಳೆಯ ಬಗ್ಗೆ.

ವೈ ಕಡೆಯಲ್ಲೂ ಇಂಥದ್ದಿದೆ. 2007ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಯಾರ್ಕ್‌ಷೈರಿನ ಒಂದು ಅಪರೂಪದ ಕುಲನಾಮದ ಗಂಡಸರಲ್ಲಿ ಪಶ್ಚಿಮ ಆಫ್ರಿಕಾದ ಎ1 ಗುಂಪಿನ ವೈ ಇರುವುದನ್ನು ಪ್ರಕಟಿಸಿದರು. ನೋಟದಲ್ಲಿ ಆಫ್ರಿಕಾದ ಗುರುತೇ ಇಲ್ಲದ, ಅಂಥ ಪೂರ್ವಜರ ನೆನಪೂ ಇಲ್ಲದ ಮನೆತನ ಅದು.

ಆದರೆ ಗುಂಪಿನ ಹೆಸರು ಸಿಕ್ಕ ಕೂಡಲೇ ಕುಣಿಯಬೇಡಿ. ಆರ್1ಎ ಎಂದು ಬಂದರೆ ಅದು ಪೋಲೆಂಡಿನಲ್ಲೂ ಇದೆ, ಉತ್ತರ ಭಾರತದಲ್ಲೂ ಇದೆ. ಅದರೊಳಗಿನ ಝಡ್93 ಎಂಬ ಕೊಂಬೆಯಾದರೆ ಬಹುಮಟ್ಟಿಗೆ ಏಷ್ಯಾದ ಕಡೆ, ಝಡ್282 ಆದರೆ ಯುರೋಪಿನ ಕಡೆ. ಅಷ್ಟು ಒಳಗೆ ಹೋಗದ ಪರೀಕ್ಷೆಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗದು. ಇದಕ್ಕೆ ಎದುರಾಗಿ ಎಚ್-ಎಂ82 ಎಂದು ಯುರೋಪಿನ ಮನೆತನವೊಂದರಲ್ಲಿ ಬಂದರೆ ರೋಮಾ ಜನರ ಸುಳಿವು ಬಲವಾಗಿಯೇ ಇದೆ, ಏಕೆಂದರೆ ಆ ಕೊಂಬೆ ದಕ್ಷಿಣ ಏಷ್ಯಾದಲ್ಲಿ ಮತ್ತು ಅಲ್ಲಿಂದ ಹೋದ ರೋಮಾ ಸಮುದಾಯದಲ್ಲಿ ಸಾಮಾನ್ಯ, ಉಳಿದ ಯುರೋಪಿನಲ್ಲಿ ಅಪರೂಪ. 23ಆಂಡ್‌ಮಿ ಕೊಡುವ ಗುಂಪು ಮೇಲುಮೇಲಿನದು. ಫ್ಯಾಮಿಲಿಟ್ರೀ ಡಿಎನ್‌ಎಯಲ್ಲಿ ವೈ-37 ಎಂಬ ಆರಂಭದ ಪರೀಕ್ಷೆಯಿಂದ ಶುರುಮಾಡಿ, ಮ್ಯಾಚ್‌ಗಳಲ್ಲಿ ಜೀವ ಕಂಡರೆ ಒಳಕೊಂಬೆಗಳ ತನಕ ಹೋಗುವ ಬಿಗ್ ವೈ-700ಕ್ಕೆ ಏರಿಸುವುದು ಸರಿಯಾದ ಕ್ರಮ. ಮೈಟೋಕಾಂಡ್ರಿಯಾದಲ್ಲಿ ಪೂರ್ಣ ಅನುಕ್ರಮದ ಪರೀಕ್ಷೆಯನ್ನೇ ಮಾಡಿಸಬೇಕು. ಅದರಲ್ಲಿ ಅಕ್ಷರಶಃ ಹೊಂದಿದ ಮ್ಯಾಚ್ ಕೂಡ ನೂರಾರು ವರ್ಷ ಹಿಂದಿನ ನಂಟಿರಬಹುದು. ಸಮೀಪದ ಸಂಬಂಧಿ ಎಂದುಕೊಂಡು ಪತ್ರ ಬರೆಯುವವರು ನಿರಾಶರಾಗುವುದು ಇಲ್ಲಿ.

ಬಹುತೇಕರ ದಾರಿ ಗಂಡು-ಹೆಣ್ಣು ಬೆರೆತದ್ದೇ ಆಗಿರುತ್ತದೆ, ಅವರಿಗೆ ಉಳಿಯುವುದು ಮ್ಯಾಚ್ ಪಟ್ಟಿ. ಕೆಲಸ ಹೀಗೆ ಸಾಗಬೇಕು. ಸುಮಾರು 90ರಿಂದ 400 ಸೆಂಟಿಮಾರ್ಗನ್ ಹಂಚಿಕೊಂಡ ಮ್ಯಾಚ್‌ಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಇಳಿಸಿ. ಮೊದಲನೆಯವರಿಗೆ ಒಂದು ಬಣ್ಣ ಕೊಟ್ಟು, ಅವರೊಂದಿಗೆ ಸಮಾನ ಮ್ಯಾಚ್ ಆದವರಿಗೆಲ್ಲ ಅದೇ ಬಣ್ಣ ಹಚ್ಚಿ. ಬಣ್ಣವಿಲ್ಲದೆ ಉಳಿದ ಮುಂದಿನ ಹೆಸರಿಗೆ ಇನ್ನೊಂದು ಬಣ್ಣ. ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ನಾಲ್ಕು ಗುಂಪು ನಿಲ್ಲುತ್ತವೆ, ನಾಲ್ವರು ಅಜ್ಜ-ಅಜ್ಜಿಯರ ಕಡೆಗೆ ಒಂದೊಂದು. ಲೀಡ್ಸ್ ವಿಧಾನವೆಂದು ಹೆಸರಾದ ಈ ಕ್ರಮ ಬಂದದ್ದು 2018ರಲ್ಲಿ, ಇಂದಿಗೂ ಇದಕ್ಕಿಂತ ಸರಳವಾದದ್ದಿಲ್ಲ. ನಿಮ್ಮ ಪೂರ್ವಜರು ಯಾವ ಗುಂಪಿಗೆ ಸೇರುತ್ತಾರೋ ಅದನ್ನು ಮಾತ್ರ ಉಳಿಸಿಕೊಂಡು, ಆ ಗುಂಪಿನವರೊಂದಿಗೆ ಹಂಚಿಕೆಯಾದ ಸಣ್ಣ ಮ್ಯಾಚ್‌ಗಳ ಕಡೆ ಇಳಿಯಿರಿ.

ಎಷ್ಟು ಸಣ್ಣದರವರೆಗೆ ಇಳಿಯಬಹುದು? ಥರ್ಡ್ ಕಸಿನ್, ಅಂದರೆ ಮುತ್ತಜ್ಜ-ಮುತ್ತಜ್ಜಿಯ ಅಪ್ಪ-ಅಮ್ಮ ಇಬ್ಬರಿಗೂ ಒಬ್ಬರೇ ಆಗಿರುವವರು, ಸರಾಸರಿ 73 ಸೆಂಟಿಮಾರ್ಗನ್ ಆಸುಪಾಸು ಹಂಚಿಕೊಳ್ಳುತ್ತಾರೆ. ಹತ್ತರಲ್ಲಿ ಒಬ್ಬರೊಂದಿಗೆ ಏನೂ ಹಂಚಿಕೆಯಾಗಿರುವುದಿಲ್ಲ. ಇನ್ನೊಂದು ತಲೆಮಾರು ಆಚೆಗೆ ಹೋದರೆ ಅರ್ಧದಷ್ಟು ಜನ ಪಟ್ಟಿಯಲ್ಲೇ ಬರುವುದಿಲ್ಲ. 15ಕ್ಕಿಂತ ಕೆಳಗಿನ ಒಂಟಿ ತುಣುಕುಗಳನ್ನು ಆಧಾರ ಮಾಡಿಕೊಳ್ಳಬೇಡಿ, 7-8ರ ಹತ್ತಿರದವುಗಳಲ್ಲಿ ಅನೇಕವು ಹುಸಿ. ಆನ್ಸೆಸ್ಟ್ರಿ 2020ರಲ್ಲಿ ತನ್ನ ಕನಿಷ್ಠ ಮಿತಿಯನ್ನು 8ಕ್ಕೆ ಏರಿಸಿದ್ದು ಇದೇ ಕಾರಣಕ್ಕೆ.

ಈಗ ಜನಾಂಗದ ತುಣುಕು, ಮ್ಯಾಚ್ ಪಟ್ಟಿ ಎಂಬ ಎರಡೂ ಎಳೆ ಸೇರಿಸುವ ಹಂತ, ನಮ್ಮ ಮಟ್ಟಿಗೆ ಇಡೀ ಕೆಲಸದ ಜೀವಾಳ. ಕ್ರೋಮೋಸೋಮ್ ಚಿತ್ರದಲ್ಲಿ ಆ ಅನಿರೀಕ್ಷಿತ ಜನಾಂಗದ ತುಣುಕು, ಉದಾಹರಣೆಗೆ 6ನೇ ಕ್ರೋಮೋಸೋಮ್‌ನ ಒಂದು ಜಾಗದಲ್ಲಿ ಇದೆ ಎನ್ನಿ. ಅದೇ ಜಾಗದಲ್ಲಿ ನಿಮ್ಮೊಂದಿಗೆ ಹಂಚಿಕೆಯಿರುವ ಮ್ಯಾಚ್‌ಗಳು ಯಾರು ನೋಡಿ. ಅವರು ಪರಸ್ಪರರೊಂದಿಗೂ ಅಲ್ಲೇ ಹೊಂದಬೇಕು, ಇಲ್ಲದಿದ್ದರೆ ಒಬ್ಬರು ತಂದೆಯಿಂದ ಬಂದ ಕ್ರೋಮೋಸೋಮ್ ಪ್ರತಿಯ ಮೇಲೆ, ಇನ್ನೊಬ್ಬರು ತಾಯಿಯಿಂದ ಬಂದ ಪ್ರತಿಯ ಮೇಲೆ ಹೊಂದಿರಬಹುದು. ಹೀಗೆ ಮೂವರು ಒಂದೇ ತುಣುಕಿನ ಮೇಲೆ ಕೂತು, ಅವರ ವಂಶವೃಕ್ಷಗಳು ಒಂದೇ ದಂಪತಿಗೆ ಹೋಗಿ ಮುಟ್ಟಿದರೆ ನೀವು ಹುಡುಕುವವರು ಆ ದಂಪತಿಯಲ್ಲಿ ಒಬ್ಬರು, ಅಥವಾ ಅವರ ಹಿರಿಯರು. ಆ ತುಣುಕಿನ ಮ್ಯಾಚ್‌ಗಳಲ್ಲಿ ಒಬ್ಬರು ಇಂದಿಗೂ ಪೂರ್ತಿ ಆ ಜನಾಂಗದವರೇ ಆಗಿದ್ದರಂತೂ ಊರು-ಸೀಮೆಯ ತನಕ ಹೋಗುವ ದಾರಿ ತೆರೆಯುತ್ತದೆ.

ಮ್ಯಾಚ್‌ಗಳು ಬೇರೆ ಬೇರೆ ಕಂಪನಿಗಳಲ್ಲಿ ಹಂಚಿಹೋಗಿರುತ್ತವೆ. ಆನ್ಸೆಸ್ಟ್ರಿ, 23ಆಂಡ್‌ಮಿ ಎರಡೂ ಹೊರಗಿನ ಕಡತ ಸ್ವೀಕರಿಸುವುದಿಲ್ಲ. ಹಾಗಾಗಿ ಪರೀಕ್ಷೆಯನ್ನು ಅಲ್ಲೇ ಮಾಡಿಸಿ, ಆರೇಳು ಲಕ್ಷ ಗುರುತುಗಳಿರುವ ಕಚ್ಚಾ ಕಡತವನ್ನು ಇಳಿಸಿಕೊಂಡು ಫ್ಯಾಮಿಲಿಟ್ರೀ ಡಿಎನ್‌ಎಗೂ ಜೆಡ್‌ಮ್ಯಾಚ್‌ಗೂ ಏರಿಸುವುದು ಲಾಭದ ದಾರಿ. ಇಳಿಸಿದ ಜಿಪ್ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಅದರ ವಿನ್ಯಾಸ ಕೆಟ್ಟು ಏರಿಸುವಾಗ ತಿರಸ್ಕೃತವಾಗುತ್ತದೆ. ಮುಟ್ಟದೆ ಹಾಗೆಯೇ ಏರಿಸಿ. ಜೆಡ್‌ಮ್ಯಾಚ್‌ನಲ್ಲಿ ಹರಪ್ಪವರ್ಲ್ಡ್, ಯುರೋಜೀನ್ಸ್ ಮುಂತಾದ, ನಿಮ್ಮ ಮೂಲಗಳ ಮಿಶ್ರಣವನ್ನು ಅಂದಾಜು ಮಾಡುವ ಲೆಕ್ಕದ ಉಪಕರಣಗಳೂ ಇವೆ. ಅವುಗಳ ಹೆಸರುಪಟ್ಟಿ ನೋಡಿ ಮೋಸಹೋಗಬೇಡಿ. ಹರಪ್ಪವರ್ಲ್ಡ್‌ನಲ್ಲಿ ದಕ್ಷಿಣ ಏಷ್ಯಾದ ಬಹುತೇಕರಿಗೆ ಬಲೂಚ್ ಎಂಬ ಪಾಲು ದೊಡ್ಡದಾಗಿಯೇ ಬರುತ್ತದೆ. ಆ ಘಟಕ ಯಾರಲ್ಲಿ ಅತಿ ಹೆಚ್ಚಿದೆಯೋ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ ಅಷ್ಟೇ, ನಿಮ್ಮ ಮನೆಗೆ ಬಲೂಚಿಗಳು ಬಂದಿದ್ದರು ಎಂದಲ್ಲ.

ಒಳಸಂಬಂಧದ ಮದುವೆಗಳು ತಲೆಮಾರುಗಟ್ಟಲೆ ನಡೆದ ಸಮುದಾಯದವರು ಇನ್ನಷ್ಟು ಎಚ್ಚರ ವಹಿಸಬೇಕು. ಒಬ್ಬರೇ ಪೂರ್ವಜರು ಹಲವು ದಾರಿಗಳಿಂದ ಬಂದಿರುವುದರಿಂದ ಒಟ್ಟು ಸೆಂಟಿಮಾರ್ಗನ್ ಉಬ್ಬಿಕೊಂಡು, ದೂರದವರೂ ಸೆಕೆಂಡ್ ಕಸಿನ್ ಎಂದು ತೋರುತ್ತಾರೆ. ಬಣ್ಣದ ಗುಂಪುಗಳೂ ಒಂದರೊಳಗೊಂದು ಕಲಸಿಹೋಗುತ್ತವೆ. ಇಲ್ಲಿ ಒಟ್ಟು ಅಂಕಿಯನ್ನು ಬಿಟ್ಟು ಅತಿ ಉದ್ದನೆಯ ಒಂದೇ ತುಣುಕನ್ನು ನೋಡಬೇಕು. ಅದು 30-40ಕ್ಕಿಂತ ಹೆಚ್ಚಿದ್ದರೆ ನಂಟು ಸಮೀಪದ್ದಿರಬಹುದು. ಹತ್ತಾರು ಚಿಕ್ಕ ತುಣುಕುಗಳ ಮೊತ್ತವಾದರೆ ಹಳೆಯದು.

ಮಾದರಿ ತೆಗೆಯುವುದು ಸುಲಭವೆಂದು ಕಂಡರೂ ಕಿಟ್ ಹಾಳಾಗುವುದು ಹೆಚ್ಚಾಗಿ ಅಲ್ಲಿಯೇ. ಆನ್ಸೆಸ್ಟ್ರಿ, 23ಆಂಡ್‌ಮಿಗಳದು ಎಂಜಲಿನ ಕೊಳವೆ, ಮೈಹೆರಿಟೇಜ್ ಮತ್ತು ಫ್ಯಾಮಿಲಿಟ್ರೀ ಡಿಎನ್‌ಎಗಳದು ಕೆನ್ನೆಯ ಒಳಭಾಗವನ್ನು ಉಜ್ಜುವ ಕಡ್ಡಿ. ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನಬಾರದು, ಕುಡಿಯಬಾರದು, ಸೇದಬಾರದು, ಅಗಿಯಬಾರದು. ಕೊಳವೆಯಲ್ಲಿ ಗುರುತಿನ ಗೆರೆ ಮುಟ್ಟಬೇಕಾದದ್ದು ದ್ರವ, ನೊರೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಮುಚ್ಚಳ ಬಿಗಿದಾಗ ಅದರೊಳಗಿನ ಸಂರಕ್ಷಕ ದ್ರವ ಕೆಳಗಿಳಿದು ಬೆರೆಯಬೇಕು, ಇಳಿಯದಿದ್ದರೆ ದಾರಿಯಲ್ಲೇ ಮಾದರಿ ಕೆಡುತ್ತದೆ. ಬಿಗಿದ ಮೇಲೆ ಕೆಲವು ಸೆಕೆಂಡು ಚೆನ್ನಾಗಿ ಅಲುಗಿಸಿ. ಬಾಯಿ ಒಣಗುವ ವಯಸ್ಸಾದವರಿಗೆ ಕೊಳವೆ ತುಂಬಿಸುವುದು ಹಿಂಸೆ, ಅವರಿಗೆ ಕಡ್ಡಿಯ ಕಿಟ್ಟೇ ಲೇಸು. ಫ್ಯಾಮಿಲಿಟ್ರೀ ಡಿಎನ್‌ಎ ಮಾದರಿಯನ್ನು ಕಾಯ್ದಿಡುವುದರಿಂದ ಅದೇ ಮಾದರಿಯ ಮೇಲೆ ಮುಂದೆ ವೈ, ಮೈಟೋಕಾಂಡ್ರಿಯಾ ಪರೀಕ್ಷೆ ಸೇರಿಸಬಹುದು. ಹಿರಿಯರ ವಿಷಯದಲ್ಲಿ ಇದು ಬಹಳ ದೊಡ್ಡ ಅನುಕೂಲ. ಅಂಚೆಗೆ ಹಾಕುವ ಮುನ್ನ ಕಿಟ್ ಸಂಖ್ಯೆಯನ್ನು ಜಾಲತಾಣದಲ್ಲಿ ನೋಂದಾಯಿಸಿ, ಒಂದೇ ಮನೆಯಿಂದ ಎರಡು ಕಿಟ್ ಹೋಗುವುದಾದರೆ ಹೆಸರು ಅದಲುಬದಲಾಗದಂತೆ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ತೆರೆಯಿರಿ. ಯಾವ ಕಂಪನಿ ಯಾವ ದೇಶಕ್ಕೆ ಕಳಿಸುತ್ತದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಫ್ರಾನ್ಸಿನಲ್ಲಂತೂ ಇಂಥ ಖಾಸಗಿ ಪರೀಕ್ಷೆಗೆ ಕಾನೂನಿನ ಒಪ್ಪಿಗೆಯೇ ಇಲ್ಲ.

ಕಾಗದಪತ್ರಗಳಿಲ್ಲದೆ ಇದ್ಯಾವುದೂ ಪೂರ್ತಿಯಾಗದು. ಹಳೆಯ ದಾಖಲೆಗಳನ್ನು ಹುಡುಕುವ ಫ್ಯಾಮಿಲಿಸರ್ಚ್ ತಾಣ ಉಚಿತ, ಹುಡುಕಾಟ ಅಲ್ಲಿಂದಲೇ ಶುರುಮಾಡಿ. ಹಳೆಯ ದಾಖಲೆಯ ಜನಾಂಗದ ಕಾಲಂ ಓದುವಾಗ ಅದನ್ನು ತುಂಬಿದ್ದು ಯಾರೆಂದು ಕೇಳಿಕೊಳ್ಳಬೇಕು. ಅಮೆರಿಕದ ಜನಗಣತಿಯಲ್ಲಿ 1960ಕ್ಕೆ ಮೊದಲು ಗಣತಿದಾರನೇ ಕಣ್ಣಂದಾಜಿನಲ್ಲಿ ಬರೆಯುತ್ತಿದ್ದ. ಮುಲಾಟೊ (ಕಪ್ಪು-ಬಿಳಿ ಮಿಶ್ರ ಮೂಲದವರು) ಎಂಬ ವರ್ಗ 1850ರಲ್ಲಿ ಬಂದು, 1900ರಲ್ಲಿ ಇಲ್ಲವಾಗಿ, ಮತ್ತೆ 1910 ಮತ್ತು 1920ರಲ್ಲಿ ಕಾಣಿಸಿಕೊಂಡಿತು. ಒಬ್ಬನೇ ಮನುಷ್ಯ ಒಂದು ಗಣತಿಯಲ್ಲಿ ಒಂದು ಬಣ್ಣ, ಇನ್ನೊಂದರಲ್ಲಿ ಇನ್ನೊಂದು ಬಣ್ಣವಾಗಿ ಬರಲು ಇದೂ ಕಾರಣ. ಒಂದೇ ದಾಖಲೆಯ ಮೇಲೆ ಕಟ್ಟದೆ, ಅಕ್ಕಪಕ್ಕದ ಮನೆಯವರು, ಮದುವೆಯ ಸಾಕ್ಷಿಗಳು, ನಾಮಕರಣಕ್ಕೆ ನಿಂತವರು ಯಾರೆಂದು ನೋಡಿದರೆ ಸಮುದಾಯ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಗುಟ್ಟಿನ ವಿಷಯ. 23ಆಂಡ್‌ಮಿಯ 2023ರ ಸೋರಿಕೆಯಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಹೊರಬಿತ್ತು, ಕಳ್ಳರು ಬೇರೆ ತಾಣಗಳಲ್ಲಿ ಸೋರಿದ್ದ ಪಾಸ್‌ವರ್ಡ್‌ಗಳನ್ನೇ ಇಲ್ಲಿ ಪ್ರಯೋಗಿಸಿದ್ದರು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿತನದ ರಕ್ಷಣೆ ಕೋರಿತು, ಅದೇ ವರ್ಷ ಸಂಸ್ಥಾಪಕಿಯ ಲಾಭರಹಿತ ಸಂಸ್ಥೆಯ ಕೈಗೆ ಹೋಯಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಸರಣಿ ಹಂತಕನನ್ನು ಪೊಲೀಸರು ಹಿಡಿದದ್ದು ಜೆಡ್‌ಮ್ಯಾಚ್‌ನಲ್ಲಿದ್ದ ದೂರದ ಸಂಬಂಧಿಗಳ ಮೂಲಕ. ಪೊಲೀಸ್ ಹುಡುಕಾಟಕ್ಕೆ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಜೆಡ್‌ಮ್ಯಾಚ್, ಫ್ಯಾಮಿಲಿಟ್ರೀ ಡಿಎನ್‌ಎ ಎರಡರಲ್ಲೂ ಆಯ್ಕೆ ಇದೆ, ಸೇರಿದ ದಿನವೇ ನಿರ್ಧರಿಸಿ. ಇಲ್ಲಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಟ್ಟು ಎರಡು ಹಂತದ ದೃಢೀಕರಣ ಹಾಕಿ. ಪರೀಕ್ಷೆಗೆ ಒಪ್ಪಿಸುವ ಹಿರಿಯರಿಗೆ ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳಿರಬೇಕು: ಮ್ಯಾಚ್ ಪಟ್ಟಿಯಲ್ಲಿ ಗೊತ್ತಿರದ ಒಡಹುಟ್ಟಿದವರೋ, ತಂದೆಯೇ ಬೇರೆ ಎಂಬ ಸಂಗತಿಯೋ ಎದುರಾಗಬಹುದು, ಕಂಡ ಮೇಲೆ ಕಾಣದಂತೆ ಮಾಡಲಾಗದು. ಅವರು ಬೇಡವೆಂದರೆ ಅಲ್ಲಿಗೆ ಬಿಡಬೇಕು.

ಖಾತೆ ಮುಚ್ಚುವುದಾದರೆ ಮೊದಲು ಕಚ್ಚಾ ಕಡತ ಇಳಿಸಿಕೊಂಡು, ಮ್ಯಾಚ್‌ಗಳ ಹೆಸರು ಮತ್ತು ಅಂಕಿಗಳನ್ನು ಹಾಳೆಗೆ ಬರೆದಿಟ್ಟುಕೊಳ್ಳಿ. ಮಾಹಿತಿ ಅಳಿಸುವ ಕೋರಿಕೆ ಬೇರೆ, ಪ್ರಯೋಗಾಲಯದಲ್ಲಿರುವ ಎಂಜಲಿನ ಮಾದರಿಯನ್ನು ನಾಶಮಾಡುವ ಕೋರಿಕೆ ಬೇರೆ ಇರಬಹುದು. ಎರಡೂ ಆಗಿವೆ ಎಂಬ ಉತ್ತರ ಕೈಗೆ ಬರುವ ತನಕ ಆ ಇಮೇಲ್ ವಿಳಾಸವನ್ನು ಮುಚ್ಚಬೇಡಿ.